ಪಟ್ಟಿಗೆ ಹತ್ತಿದ ಬಿಳಿ ಪುಡಿ

ವೀರಮ್ಮ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದಳು. ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ‘ದಢ್’ ಎಂದು ಸದ್ದಾಯಿತು. ಹಿಂದೆಯೇ ಮಗ ತೋಂಟೇಶನ ಬಾಯಿಂದ ಬನಾರಸದ ಅಪ್ಪಟ ಬೈಗುಳವೊಂದು ಹೊರಬಿತ್ತು.

“ಏನಾತೋ? ಕಾಲ ಮ್ಯಾಲೆ ಏನರ ಬಿತ್ತೇನು?”

“ಕಾಲ ಮ್ಯಾಲೆ ಬಿದ್ದಿದ್ರ ಚಲೋ ಇತ್ತವ್ವ. ಮಶೀನ್ ನಿಂತೈತಿ!”

ನಿಂತದ್ದೂ ಎಂಥ ಹೊತ್ತಿನಲ್ಲಿ! ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿದ್ದ ದಾವಣಗೆರೆಯ ಡಾಕ್ಟರ್ ಶರಣ್ಯಾ ಅವರ ಪೋಸ್ಟರು ಅರ್ಧ ಹೊರಗೆ ಬಂದಿತ್ತು. ಬಾಗಿಲಷ್ಟು ಉದ್ದದ ಕಾಗದದ ಮೇಲೆ ಮನುಷ್ಯನ ಹೃದಯದ ಮೇಲರ್ಧ ಕೆಂಪಗೆ ಅಚ್ಚಾಗಿತ್ತು, ಕೆಳಗರ್ಧ ಇನ್ನೂ ಯಂತ್ರದ ಹೊಟ್ಟೆಯಲ್ಲೇ ಇತ್ತು. ತೋಂಟೇಶ ಸ್ವಿಚ್ಚು ಆರಿಸಿ ಮತ್ತೆ ಹಾಕಿದ. ಇಂಕಿನ ಡಬ್ಬಿ ಹೊತ್ತು ಅತ್ತಿಂದಿತ್ತ ಓಡಾಡುವ ಕ್ಯಾರೇಜು ಒಂದು ಮೊಳ ಸರಿದು, ದಾರಿ ತಪ್ಪಿದವರಂತೆ ತಡವರಿಸಿ, ಹಿಂದಕ್ಕೆ ಹೋಗಿ ಗೋಡೆಗೆ ಗುದ್ದಿ ನಿಂತಿತು. ಫಲಕದ ಮೇಲೆ ಕೆಂಪು ದೀಪ. ಕೆಳಗೆ ‘ಹಾರ್ಡ್‌ವೇರ್ ಎರರ್’ ಎಂಬ ಎರಡೇ ಮಾತು. ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂದು ಹೇಳುವ ಸೌಜನ್ಯ ಅದಕ್ಕಿರಲಿಲ್ಲ.

ಬ್ಯಾಟರಿ ಹಿಡಿದು ಬಗ್ಗಿ ನೋಡಿದ. ಕಾಗದದ ಚೂರು ಸಿಕ್ಕಿಕೊಂಡಿರಲಿಲ್ಲ. ಕ್ಯಾರೇಜು ಓಡುವ ಸರಳಿಗೆ ಎಣ್ಣೆ ಬಿಟ್ಟ. ಪಟ್ಟಾ ಎಳೆದು ನೋಡಿದ. ಇಂಕಿನ ಡಬ್ಬಿಗಳನ್ನೆಲ್ಲ ತೆಗೆದು ಮತ್ತೆ ಕೂರಿಸಿದ. ಹಾಕಿದಾಗೆಲ್ಲ ಅದೇ ಗುದ್ದು, ಅದೇ ಕೆಂಪು ದೀಪ.

“ಮೊದಲ ಬಂದು ಉಣ್ಣು,” ಎಂದಳು ವೀರಮ್ಮ.

“ನಿನಗ ಬರೇ ಉಣ್ಣೂದ ಚಿಂತಿ!”

“ಮತ್ತ? ಅದರ ಜೊತಿ ನೀನೂ ಕೆಟ್ಟು ಕುಂದರ್ತೀಯೇನು?”

ಅಡುಗೆಮನೆಯಲ್ಲಿ ವೀರಮ್ಮನ ಗಂಡ ವೀರಯ್ಯ ಮಣೆ ಹಾಕಿಕೊಂಡು ಉಣ್ಣುತ್ತ ಕೂತಿದ್ದರು. ಎರಡು ರೊಟ್ಟಿಯಾದ ಮೇಲೆ ‘ಸಾಕು’ ಅನ್ನುವುದು ಅವರ ಚಟ. ಅದನ್ನು ಕೇಳಿಸಿಕೊಳ್ಳದಿರುವುದು ವೀರಮ್ಮನ ಚಟ. ಮದುವೆಯಾಗಿ ಬಂದಾಗಿನಿಂದ ಆಕೆ ‘ಇನ್ನೊಂದು ಬೇಕೇನು’ ಎಂದು ಗಂಡನನ್ನು ಕೇಳಿದವಳೇ ಅಲ್ಲ. ಹಂಚಿನಿಂದ ತೆಗೆದು ನೇರ ತಟ್ಟೆಗೆ ಹಾಕುತ್ತಿದ್ದಳು, ಅವರು ಗೊಣಗುತ್ತ ತಿನ್ನುತ್ತಿದ್ದರು. ಆ ದಿನವೂ ಹಾಗೇ ಆಯಿತು.

ಈ ವೀರಯ್ಯ ವಿಜಯಪುರದ ಕಡೆಯ ಜಂಗಮರು. ಹರೆಯದಲ್ಲೇ ಕಾಶಿಯ ಮಠಕ್ಕೆ ಬಂದು, ಯಾತ್ರಿಕರ ಖೋಲಿಗಳ ಉಸ್ತುವಾರಿ ಮಾಡಿಕೊಂಡೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಶಿವಾಲ ಎಂಬ ಬಡಾವಣೆಯ ಗಲ್ಲಿಯಲ್ಲಿ ಈ ಮನೆ ಮಾಡಿದ್ದರು. ಮುಂದಿನ ಕೋಣೆಯಲ್ಲಿ ಮೊದಲು ತೋಂಟೇಶನ ಎಸ್‌ಟಿಡಿ ಬೂತ್ ಇತ್ತು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬೂತಿನಲ್ಲಿ ನೊಣ ಹೊಡೆಯುವ ಸ್ಥಿತಿಯಾಯಿತು. ತೋಂಟೇಶ ದಿಲ್ಲಿಗೆ ಹೋಗಿ ಈ ದೊಡ್ಡ ಪ್ರಿಂಟರ್ ತಂದ. ವಿಶ್ವವಿದ್ಯಾಲಯದ ಬಾಗಿಲ ಮುಂದಿನ ಲಂಕಾ ಬಡಾವಣೆಯ ಕೋಚಿಂಗ್ ಸೆಂಟರುಗಳ ಪೋಸ್ಟರು, ವಿಶ್ವವಿದ್ಯಾಲಯದವರ ವಿಚಾರ ಸಂಕಿರಣದ ನಕಾಶೆಗಳು, ಮಠದ ಸ್ವಾಮಿಗಳ ಆಳೆತ್ತರದ ಫೋಟೋ, ಎಲ್ಲ ಇಲ್ಲೇ ಅಚ್ಚಾಗತೊಡಗಿದವು. ಅವನ ಹೆಂಡತಿ ಶೀತಲ್ ಸೊಲ್ಲಾಪುರದ ಹುಡುಗಿ. ಕಾಗದ ಕತ್ತರಿಸುವುದು, ಗಿರಾಕಿಗಳ ಜೊತೆ ಮಾತಾಡುವುದು ಆಕೆಯ ಪಾಲು. ಮಗಳು ಅದಿತಿ ಶಾಲೆಯಲ್ಲಿ ಆರನೆಯ ಇಯತ್ತೆ, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಹಿಂದಿ.

ಯಂತ್ರ ಮನೆಗೆ ಬಂದ ಮರುದಿನದಿಂದಲೇ ವೀರಯ್ಯ ಅದನ್ನು ತಮ್ಮ ಮುಂಜಾನೆಯ ಸುತ್ತಿಗೆ ಸೇರಿಸಿಕೊಂಡಿದ್ದರು. ಇಷ್ಟಲಿಂಗದ ಪೂಜೆ ಮುಗಿಸಿ, ಹಿತ್ತಾಳೆಯ ಭರಣಿ ಹಿಡಿದು, ಹೊಸ್ತಿಲಿಗೆ, ನೀರಿನ ಕೊಡಕ್ಕೆ, ಒಲೆಗೆ ಮೂರು ಬೆರಳಿನ ವಿಭೂತಿ ಎಳೆಯುವುದು ಅವರ ಪದ್ಧತಿ. ವಿಭೂತಿ ಗಟ್ಟಿಯನ್ನು ತಾವೇ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಸಣ್ಣ ಪುಡಿ ಮಾಡಿಟ್ಟುಕೊಳ್ಳುತ್ತಿದ್ದರು. ಯಂತ್ರದ ಮುಚ್ಚಳಕ್ಕೂ ದಿನಾ ಮೂರು ಗೆರೆ ಬಿದ್ದವು. ಶೀತಲ್ ದಿನಾ ಒರೆಸಿದಳು. ಒಂದು ದಿನ ಲಂಕಾದಿಂದ ಬಂದ ಹುಡುಗರು ಅದನ್ನು ನೋಡಿ, “ಪ್ರಿಂಟರ್ ಬಾಬಾಕೀ ಜೈ” ಎಂದು ಕೈಮುಗಿದು ನಕ್ಕರು. ತೋಂಟೇಶನ ಮುಖ ಸಣ್ಣದಾಯಿತು.

“ಅಪ್ಪಾ, ನಾಳಿಂದ ಮಶೀನಿನ ಮ್ಯಾಲೆ ಹಚ್ಚಬ್ಯಾಡ್ರಿ. ಗಿರಾಕಿ ನಗ್ತಾರ.”

“ಅನ್ನ ಕೊಡೂದಪ್ಪ ಅದು. ಬರಿ ಹಣಿಲೆ ಇಡಬಾರದು.”

“ಹೊರಗ ಕಾಣೂಹಂಗ ಬ್ಯಾಡ್ರಿ, ಅಷ್ಟ.”

“ಆತು ಬಿಡು, ಹೊರಗ ಹಚ್ಚೂದಿಲ್ಲ,” ಎಂದರು ವೀರಯ್ಯ. ಅಂದಿನಿಂದ ಮುಚ್ಚಳ ಸ್ವಚ್ಛ ಉಳಿಯಿತು. ಅಪ್ಪ ಇಷ್ಟು ಸಲೀಸಾಗಿ ಮಾತು ಕೇಳಿದರಲ್ಲ ಎಂದು ತೋಂಟೇಶನಿಗೆ ಖುಷಿಯಾಯಿತು. ಖುಷಿಪಡುವ ಮೊದಲು ಒಂದು ಮುಂಜಾನೆ ಸ್ವಲ್ಪ ಬೇಗ ಎದ್ದು ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಲಖನೌದಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ಒಂದು ವಾರವಾಯಿತು. ಡಾಕ್ಟರ್ ಶರಣ್ಯಾ ಪೋಸ್ಟರನ್ನು ಬೇರೆ ಕಡೆ ಮಾಡಿಸಿಕೊಂಡರು. ಕೋಚಿಂಗಿನವರು ದಿನಾ ಫೋನ್ ಮಾಡಿ ಕೂಗಾಡಿದರು. ಮೆಕ್ಯಾನಿಕ್ ಅವಸರದ ಮನುಷ್ಯ, ಸಂಜೆಯ ಗಾಡಿಗೆ ವಾಪಸಾಗಬೇಕಿತ್ತು. ಮುಚ್ಚಳ ತೆಗೆದು, ಯಂತ್ರದ ಉದ್ದಕ್ಕೂ ಬಿಗಿದಿದ್ದ ಪಾರದರ್ಶಕ ಪಟ್ಟಿಯೊಂದನ್ನು ತೋರಿಸಿದ. ಬೆರಳಗಲದ ಆ ಪಟ್ಟಿಯ ಮೇಲೆ ಕೂದಲಿಗಿಂತ ತೆಳುವಾದ ಗೆರೆಗಳು. ಕ್ಯಾರೇಜು ಓಡುವಾಗ ಆ ಗೆರೆಗಳನ್ನು ಓದುತ್ತ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುತ್ತದಂತೆ. ಗೆರೆ ಮುಚ್ಚಿಹೋದರೆ ದಿಕ್ಕು ತಪ್ಪುತ್ತದೆ, ಹೋಗಿ ಗುದ್ದುತ್ತದೆ. ಅವನು ಒದ್ದೆ ಬಟ್ಟೆಯಲ್ಲಿ ಪಟ್ಟಿ ಒರೆಸಿದ. ಬಟ್ಟೆಗೆ ಬಿಳಿ ಪುಡಿ ಹತ್ತಿತು.

“ಘರ್ ಮೇಂ ಆಟಾ ಉಡ್ತಾ ಹೈ ಕ್ಯಾ?” ಎಂದು ಕೇಳುತ್ತ ಅವನು ಅಡುಗೆಮನೆಯ ಕಡೆ ನೋಡಿದ.

ಬಾಗಿಲಿಗೆ ಎದುರಾಗಿ ವೀರಮ್ಮ ಕೂತಿದ್ದಳು. ಮುಂದೆ ರೊಟ್ಟಿ ಬಡಿಯುವ ಹಲಗೆ, ಮೊಣಕೈವರೆಗೆ ಹಿಟ್ಟು, ಸೆರಗಿನ ಮೇಲೆ ಹಿಟ್ಟು. ಇನ್ನೇನು ಸಾಕ್ಷಿ ಬೇಕು? ಮನೆಯಲ್ಲಿ ಹಿಟ್ಟು ಹಾರುತ್ತದೆಯೇ ಎಂದು ಅವನು ಕೇಳಿದ ಪ್ರಶ್ನೆಗೆ ಎಲ್ಲರ ಕಣ್ಣೂ ಆಕೆಯ ಕಡೆಗೇ ತಿರುಗಿತು.

ವೀರಮ್ಮ ಎದ್ದು ಬಂದಳು. “ಎಲ್ಲಿ, ಆ ಬಟ್ಟಿ ಇಲ್ಲಿ ಕೊಡಪ್ಪ. ನನ್ನ ಹಿಟ್ಟು ಹೌದೋ ಅಲ್ಲೋ ನೋಡ್ತೀನಿ.”

“ಅವ್ವಾ, ದೂರ ನಿಂದ್ರು! ಮತ್ತ ಕೈ ಝಾಡಿಸಿ ಗಿಡಿಸೀಯ,” ಎಂದ ತೋಂಟೇಶ. ಮೆಕ್ಯಾನಿಕ್ ಬಟ್ಟೆಯನ್ನು ಗಲ್ಲಿಯ ಗಟಾರಕ್ಕೆ ಎಸೆದ. ಹೋಗುವಾಗ ಒಂದು ಮಾತು ಹೇಳಿಹೋದ. ಇನ್ನೂ ಹೀಗೇ ಗುದ್ದುತ್ತಿದ್ದರೆ ಇಂಕು ಉಗುಳುವ ತಲೆಯೇ ಹಾಳಾಗುತ್ತದೆ, ಆಮೇಲೆ ಯಂತ್ರವನ್ನು ಗುಜರಿಯವನಿಗೆ ಕೊಡಬೇಕು.

ಆ ಮಾತು ತೋಂಟೇಶನ ಕಿವಿಯಲ್ಲಿ ಕೂತುಬಿಟ್ಟಿತು. ಬೂತು ಹೋದ ಮೇಲಿನ ಖಾಲಿ ದಿನಗಳನ್ನು ಅವನು ಮರೆತಿರಲಿಲ್ಲ. ಪಾಪ, ಅವನದೂ ತಪ್ಪೆನ್ನುವಂತಿಲ್ಲ. ಆದರೆ ಹೆದರಿದ ಮನುಷ್ಯ ಮೊದಲು ಹರಿಹಾಯುವುದು ಮನೆಯವರ ಮೇಲೆಯೇ.

“ಅವ್ವಾ, ಇನ್ನ ಮ್ಯಾಲೆ ಬಾಗಲಾ ಹಾಕ್ಕೊಂಡು ರೊಟ್ಟಿ ಬಡಿ.”

“ಬಾಗಲಾ ಹಾಕ್ಕೊಂಡ್ರ ಹೊಗಿಗೆ ಉಸಿರು ಕಟ್ಟತೈತೋ.”

“ಹಂಗಾರ ಮಾಳಿಗಿ ಮ್ಯಾಲೆ ಬಡಿ.”

“ಫೋನಿನ ಬೂತ್ ಇದ್ದಾಗ ಇದ ಹಿಟ್ಟು, ಇದ ಕೈ. ಆಗೇನು ಫೋನು ಕೆಟ್ಟಿದ್ದುವೇನು?”

“ಫೋನ್ ಬ್ಯಾರೆ, ಇದು ಬ್ಯಾರೆ! ಹೆಂಗ ತಿಳಿಸಿ ಹೇಳ್ಲಿ ನಿನಗ?”

ವೀರಮ್ಮ ಮಾಳಿಗೆಗೆ ಹೋದಳು. ಗ್ಯಾಸಿನ ಚಿಕ್ಕ ಒಲೆ, ಹಂಚು, ಹಲಗೆ, ನೀರಿನ ಚೊಂಬು, ಎಲ್ಲವನ್ನೂ ಅದಿತಿ ಹೊತ್ತು ಕೊಟ್ಟಳು. ಬನಾರಸದ ಮಾಳಿಗೆಯೆಂದರೆ ಮಂಗಗಳ ರಾಜ್ಯ. ಮೊದಲ ದಿನ ಬುಟ್ಟಿಯಲ್ಲಿಟ್ಟ ರೊಟ್ಟಿಗಳನ್ನು ಒಂದು ಗಡವ ಎತ್ತಿಕೊಂಡು ಪಕ್ಕದ ಮನೆಯ ನೀರಿನ ಟಾಕಿಯ ಮೇಲೆ ಕೂತು ತಿಂದಿತು. ಅದಿತಿ ಅಜ್ಜಿಯ ಕಡೆ ತಿರುಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಆಯೀ, ಅದಕ್ಕ ಚಟ್ನಿ ಬೇಕಂತ!” ವೀರಮ್ಮನೂ ನಕ್ಕಳು. ಎರಡನೆಯ ದಿನ ಕೋಲು ಹಿಡಿದು ಒಬ್ಬರು ಕಾಯಬೇಕಾಯಿತು. ಮೂರನೆಯ ದಿನ ಕಾಯುವವರು ಯಾರೂ ಇರಲಿಲ್ಲ. ಮಂಗ ಆಕೆಯ ಸೆರಗನ್ನೇ ಹಿಡಿದು ಜಗ್ಗಿತು. ಮೆಟ್ಟಿಲಿಳಿಯುವಾಗ ಮೊಣಕಾಲು ತರಚಿಕೊಂಡಳು. ಒಲೆ ಮತ್ತೆ ಕೆಳಗೆ ಬಂತು. ಅಡುಗೆಮನೆಯ ಬಾಗಿಲಿಗೆ ತೋಂಟೇಶ ದಪ್ಪ ಪ್ಲಾಸ್ಟಿಕ್ಕಿನ ಪರದೆ ಹೊಡೆದ.

ಆದರೂ ಯಂತ್ರ ಮತ್ತೆ ನಿಂತಿತು. ಅದೊಂದು ಭಾನುವಾರ.

ಭಾನುವಾರ ಈ ಮನೆಗೆ ಹಬ್ಬವಿದ್ದ ಹಾಗೆ. ವಿಶ್ವವಿದ್ಯಾಲಯದ ಕನ್ನಡದವರಲ್ಲಿ ಯಾರಾದರೊಬ್ಬರು ರೊಟ್ಟಿಯ ಆಸೆಗೆ ಬಂದೇ ಬರುತ್ತಿದ್ದರು. ಆ ದಿನ ಶರಣ್ಯಾ ಬಂದಿದ್ದರು. ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ವೀರಮ್ಮ ಬಿಸಿ ರೊಟ್ಟಿ ಹಿಡಿದು ಪರದೆ ಸರಿಸಿ ಹೊರಗೆ ಬರುವುದಕ್ಕೂ, ಯಂತ್ರ ‘ದಢ್’ ಎನ್ನುವುದಕ್ಕೂ ಸರಿಹೋಯಿತು.

ತೋಂಟೇಶ ಎದ್ದು ನಿಂತ. “ನಿಂದ್ರು! ಅಲ್ಲೇ ನಿಂದ್ರು ಅವ್ವಾ. ಸೆರಗು ನೋಡು ನಿನ್ನದು!”

ಯಂತ್ರ ಒರೆಸುವ ಬಟ್ಟೆ ತಗೊಂಡು ತಾಯಿಯ ಸೆರಗು ಹಿಡಿದು ಪಟಪಟ ಝಾಡಿಸಿದ. ಭುಜಕ್ಕೆ, ಬೆನ್ನಿಗೆ, ತೋಳಿಗೆ. ಗೋಣಿಚೀಲದ ಧೂಳು ಹೊಡೆದ ಹಾಗೆ. ವೀರಮ್ಮ ಒಂದು ಕೈಯಲ್ಲಿ ರೊಟ್ಟಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆರಗು ಎದೆಗೆ ಒತ್ತಿಕೊಂಡು ನಿಂತಿದ್ದಳು.

“ತೋಂಟೇಶ್, ಏನಿದು? ಬಿಡ್ರಿ,” ಎಂದರು ಶರಣ್ಯಾ.

“ನಿಮಗ ಗೊತ್ತಿಲ್ರಿ ಮೇಡಮ್. ಈ ಹಿಟ್ಟಿನ ಕಾಲಾಗ ನನ್ನ ಧಂದಾ ಮುಳುಗಾಕತ್ತೈತಿ.”

“ರೀ, ಸಾಕ್ರಿ,” ಎಂದಳು ಶೀತಲ್.

ವೀರಮ್ಮ ಗಂಡನ ಕಡೆ ನೋಡಿದಳು. ವೀರಯ್ಯ ತಟ್ಟೆ ನೋಡುತ್ತ, “ಅವ ಹೇಳೂದೂ ಖರೇನ ಐತಿ. ಸ್ವಲ್ಪ ದಿನ ಅನ್ನಾನ ಮಾಡು. ಮಶೀನ್ ಸುಧಾರಿಸಲಿ,” ಎಂದರು.

“ಅನ್ನಾ ನಿಮಗ ಸೇರೂದಿಲ್ಲ.”

“ಸೇರಿಸ್ಕೋತೀನಿ.”

ವೀರಮ್ಮ ಕೈಲಿದ್ದ ರೊಟ್ಟಿಯನ್ನು ಶರಣ್ಯಾ ಅವರ ತಟ್ಟೆಗೆ ಹಾಕಿದಳು. “ಬಿಸಿ ಐತ್ರಿ, ಉಣ್ರಿ,” ಎಂದಳು. ಒಳಗೆ ಹೋಗಿ ಒಲೆ ಆರಿಸಿದಳು. ಹಂಚು ಆರುವ ತನಕ ಅದರ ಮುಂದೆಯೇ ಕೂತಿದ್ದಳು.

ಮರುದಿನದಿಂದ ಶೀತಲ್ ಅನ್ನ ಮಾಡಿದಳು, ಸಾರು ಮಾಡಿದಳು. ರಾತ್ರಿಗೆ ಸೋನಾರ್‌ಪುರದ ಢಾಬಾದಿಂದ ತಂದೂರಿ ರೋಟಿ ಬಂತು. ವೀರಯ್ಯ ಅದನ್ನು ಎರಡೂ ಕೈಯಲ್ಲಿ ಎಳೆದು ಹರಿದು, ಹಾಲಿನಲ್ಲಿ ನೆನೆಸಿ ನುಂಗಿದರು. ತಿಂಗಳೊಳಗೆ ಅಂಗಿ ಸಡಿಲಾಯಿತು. ಕೇದಾರ ಘಾಟಿಗೆ ಸ್ನಾನಕ್ಕೆ ಹೋದವರು ಮೆಟ್ಟಿಲು ಹತ್ತುವಾಗ ಎರಡು ಸಲ ಕೂರಬೇಕಾಯಿತು.

“ಮುತ್ಯಾ, ಹೊಟ್ಟಿ ಹಸೀತೈತೇನು?” ಎಂದು ಅದಿತಿ ಕೇಳಿದಳು.

“ಇಲ್ಲವ್ವ, ಥಂಡಿ.”

ವೀರಮ್ಮನಿಗೆ ಮುಂಜಾನೆಯೆಲ್ಲ ಖಾಲಿ. ರೊಟ್ಟಿ ಇಲ್ಲದಿದ್ದರೆ ಆಕೆಗೆ ಆ ಮನೆಯಲ್ಲಿ ಕೆಲಸವೇನು? ಬಟ್ಟೆ ಒಗೆಯಲು ಕೆಲಸದವಳು ಬರುತ್ತಿದ್ದಳು, ಭಾಂಡೆ ತೊಳೆಯಲು ಶೀತಲ್ ಬಿಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಗಲ್ಲಿಯಲ್ಲಿ ಹೋಗುವ ಬರುವ ಆಕಳುಗಳನ್ನು ನೋಡುತ್ತಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಊರಿನ ಯಾತ್ರಿಕರು ತಂದುಕೊಟ್ಟ ಜೋಳದ ಹಿಟ್ಟಿನ ಚೀಲವಿತ್ತು. ಒಂದು ದಿನ ಅದರ ಬಾಯಿ ಬಿಚ್ಚಿ, ಚಿಟಿಕೆ ಹಿಟ್ಟನ್ನು ನಾಲಿಗೆಗೆ ಹಚ್ಚಿ ನೋಡಿದಳು.

“ಶೀತಲ್, ಹಿಟ್ಟು ಇಟ್ರ ಜಿಗಿ ಹೋಗ್ತೈತವ್ವ. ಮಠಕ್ಕ ಕೊಟ್ಟು ಬರ್ತೀನಿ.”

“ಇರಲಿ ತಡೀರಿ ಅತ್ತಿ. ಮಶೀನ್ ಸುಧಾರಿಸಿದ ಮ್ಯಾಲೆ…”

“ಅದು ಸುಧಾರಿಸೂತನಕ ಹಿಟ್ಟು ಕಾಯೂದಿಲ್ಲ.”

ಸೈಕಲ್ ರಿಕ್ಷಾದಲ್ಲಿ ಚೀಲ ಇಟ್ಟುಕೊಂಡು ಮಠಕ್ಕೆ ಹೋದಳು. ಅಲ್ಲಿ ದಾಸೋಹದ ಅಡುಗೆ ನೋಡಿಕೊಳ್ಳುತ್ತಿದ್ದ ಸೋಮಲಿಂಗಯ್ಯ ಹಿಟ್ಟು ನೋಡಿ ಹಿಗ್ಗಿದ. “ಅಮ್ಮಾರ, ಹಿಟ್ಟು ತಂದ್ರಿ, ಬಡಿಯವರು ಯಾರ್ರಿ? ಯಾತ್ರಿಕರು ಅನ್ನಾ ಉಂಡು ಉಂಡು ಬ್ಯಾಸತ್ತು ಕುಂತಾರ. ಇವತ್ತೊಂದಿನ ನೀವ ಬಡೀರಿ.”

ಆಕೆ ಕೂತಳು. ಒಂದು ದಿನ ಅಂದದ್ದು ದಿನಾ ಆಯಿತು. ಮುಂಜಾನೆ ಚಹಾ ಕುಡಿದು ಹೋದರೆ, ಊಟದ ಪಂಕ್ತಿಗಳೆಲ್ಲ ಎದ್ದ ಮೇಲೆ ಸಂಜೆ ಮನೆ. ಯಾತ್ರಿಕರ ಹೆಣ್ಣುಮಕ್ಕಳು ಪಕ್ಕದಲ್ಲಿ ಕೂತು ಸಿಂದಗಿಯ, ಇಂಡಿಯ, ಮುದ್ದೇಬಿಹಾಳದ ಸುದ್ದಿ ಹೇಳಿದರು. ಮನೆಗೆ ಬಂದಾಗ ಆಕೆಯ ಮುಖ ಕೆಂಪಗಿರುತ್ತಿತ್ತು. ಹೊಸ್ತಿಲ ಹೊರಗೇ ನಿಂತು ಸೆರಗು ಕೊಡವಿ, ಕೈಕಾಲು ತೊಳೆದು, ಆಮೇಲೆ ಒಳಗೆ ಕಾಲಿಡುತ್ತಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

“ಅಷ್ಟೆಲ್ಲ ಬ್ಯಾಡವ್ವ,” ಎಂದ ತೋಂಟೇಶ ಒಮ್ಮೆ.

“ಇರಲಿ. ಮತ್ತ ನನ್ನ ಮ್ಯಾಲೆ ಬರಬಾರದು.”

ಲಖನೌದ ಮೆಕ್ಯಾನಿಕ್ ಮತ್ತೊಮ್ಮೆ ಬಂದು ಪಟ್ಟಿ ಒರೆಸಿಹೋದ ಮೇಲೆ ಒಂದೆರಡು ವಾರ ಯಂತ್ರ ಚೆನ್ನಾಗಿ ಓಡಿತು. ‘ನೋಡಿದ್ರೇನು?’ ಎನ್ನುವಂತೆ ತೋಂಟೇಶ ಎಲ್ಲರ ಮುಖ ನೋಡಿದ. ಕೋಚಿಂಗಿನವರು ಹೊಸ ವರ್ಷದ ಪೋಸ್ಟರುಗಳ ದೊಡ್ಡ ಕೆಲಸ ಕೊಟ್ಟರು. ಅದು ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಮತ್ತೆ ಅದೇ ‘ದಢ್’. ಕೆಂಪು ದೀಪ. ಹಾರ್ಡ್‌ವೇರ್ ಎರರ್.

ಈ ಸಲ ಬೈಯಲು ಮನೆಯಲ್ಲಿ ಯಾರಿದ್ದರು? ತೋಂಟೇಶ ತಲೆಯ ಮೇಲೆ ಕೈಹೊತ್ತು ಕೂತ. ಆಮೇಲೆ ತಾನೇ ಮುಚ್ಚಳ ಬಿಚ್ಚಿದ. ಮೆಕ್ಯಾನಿಕ್ ಮಾಡಿದಂತೆಯೇ ಬಟ್ಟೆ ಒದ್ದೆ ಮಾಡಿ ಪಟ್ಟಿಯ ಒಂದು ತುದಿಯಿಂದ ಒರೆಸುತ್ತ ಹೋದ. ಬಟ್ಟೆಗೆ ಬಿಳಿ ಪುಡಿ ಹತ್ತಿತು, ಮೊದಲಿಗಿಂತ ಹೆಚ್ಚು.

ಶಾಲೆಯ ಚೀಲ ಇಳಿಸುತ್ತಿದ್ದ ಅದಿತಿ ಬಗ್ಗಿ ನೋಡಿದಳು. “ಪಪ್ಪಾ, ಆಯಿ ತೋ ಮಠದಾಗ ಇರ್ತಾಳ. ಮನ್ಯಾಗ ಹಿಟ್ಟ ಇಲ್ಲಲ್ಲ. ಮತ್ತ ಇದು ಎಲ್ಲಿಂದ ಬಂತು?”

ತೋಂಟೇಶನ ಕೈ ನಿಂತಿತು. ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದ. ಬೆರಳಿಗೆ ಪುಡಿ ಹಚ್ಚಿ ನಾಲಿಗೆಗೆ ಇಟ್ಟ. ಹಿಟ್ಟಿನ ಸಿಹಿ ಇಲ್ಲ. ಚಪ್ಪೆ, ಸ್ವಲ್ಪ ಉಪ್ಪುಪ್ಪು, ಹಲ್ಲಿನ ನಡುವೆ ಕರಕರ. ಸಣ್ಣವನಿದ್ದಾಗಿನಿಂದ ದಿನಾ ಮುಂಜಾನೆ ಅಪ್ಪ ಹಣೆಗೆ ಹಚ್ಚಿ, ಉಳಿದ ಚೂರನ್ನು ಬಾಯಿಗೆ ಹಾಕುತ್ತಿದ್ದರಲ್ಲ, ಅದೇ ರುಚಿ. ಅದು ಅವನಿಗೆ ಗೊತ್ತಾಗದೆ ಇರಲು ಸಾಧ್ಯವೇ ಇರಲಿಲ್ಲ.

ಬ್ಯಾಟರಿ ಹಿಡಿದು ಮುಚ್ಚಳದ ಒಳಗೆ, ಪಟ್ಟಿಯ ಮೇಲ್ಭಾಗದ ತಗಡನ್ನು ನೋಡಿದ. ಹೊರಗಿನವರಿಗೆ ಕಾಣದ ಜಾಗ. ಅಲ್ಲಿ ಮೂರು ಬೆರಳಿನ ಗೆರೆಗಳು. ಒಂದರ ಮೇಲೊಂದು, ಒಂದರ ಮೇಲೊಂದು, ಬಿಳಿ ಪದರುಗಟ್ಟಿದ್ದವು. ಕ್ಯಾರೇಜು ಓಡಿದಾಗೆಲ್ಲ ಅದರ ಗಾಳಿಗೆ ಪುಡಿ ಉದುರಿ ಪಟ್ಟಿಗೆ ಹತ್ತುತ್ತಿತ್ತು.

“ಅಪ್ಪಾ,” ಎಂದು ಕರೆದ.

ಬಿಸಿಲಿಗೆ ಕೂತಿದ್ದ ವೀರಯ್ಯ ಎದ್ದು ಬಂದರು.

“ಇದೇನ್ರಿ?”

“ವಿಭೂತಿ.”

“ಇಲ್ಲಿ ಯಾಕ ಹಚ್ಚಿದ್ರಿ?”

“ಹೊರಗ ಕಾಣೂಹಂಗ ಬ್ಯಾಡಂತ ನೀನ ಅಂದಿದ್ದಿ. ಅದಕ್ಕ ಒಳಗ ಹಚ್ಚಿದೆ.” ವೀರಯ್ಯ ಮಗನ ಮುಖ ನೋಡಿದರು, ಬಟ್ಟೆ ನೋಡಿದರು. “ಯಾಕೋ? ಏನಾತು?”

“ದಿನಾ ಹಚ್ಚತಿದ್ರೇನು?”

“ದಿನಾ. ಕೆಟ್ಟು ನಿಂತಾಗ ಒಂದೀಟು ಜಾಸ್ತಿ ಹಚ್ಚತಿದ್ದೆ. ಲಗೂನ ಸುಧಾರಿಸಲಿ ಅಂತ.”

ತೋಂಟೇಶ ನೆಲದ ಮೇಲೆ ಕೂತುಬಿಟ್ಟ. ಬೈಯಬೇಕೆಂದು ಬಾಯಿ ತೆರೆದವನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಹುಡುಗರು ನಕ್ಕರೆಂದು ನಾಚಿಕೊಂಡವನು ತಾನು. ಒಳಗೆ ಹಚ್ಚುವಂತೆ ಮಾಡಿದವನೂ ತಾನೇ.

ಶೀತಲ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. “ಅತ್ತಿ ಅವತ್ತ ಕೇಳಿದ್ರು, ಆ ಬಟ್ಟಿ ನನ್ನ ಕೈಯಾಗ ಕೊಡ್ರಿ ಅಂತ. ಒಂದ್ ಸಲ ಕೊಟ್ಟಿದ್ರ…” ಎಂದಳು.

ವೀರಯ್ಯನಿಗೆ ಆಗ ತಿಳಿಯಿತು. ಅವರು ಯಂತ್ರದ ಕಡೆ ನೋಡಲೇ ಇಲ್ಲ. ಪ್ಲಾಸ್ಟಿಕ್ ಪರದೆ ಸರಿಸಿ ಅಡುಗೆಮನೆಯೊಳಗೆ ಹೋಗಿ, ತಮ್ಮ ಮಣೆಯ ಮೇಲೆ ಕೂತರು. ಒಲೆಯ ಮೇಲೆ ಅನ್ನದ ಕುಕ್ಕರ್ ಇತ್ತು. ಹಂಚನ್ನು ತೊಳೆದು ಗೋಡೆಗೆ ಆನಿಸಿ ಇಟ್ಟಿದ್ದರು, ಅದರ ಅಂಚಿಗೆ ತುಕ್ಕು ಹತ್ತಿತ್ತು.

“ಆಕಿನ್ನ ಸುಮ್ಮಕ ಅಂದ್ವಿ,” ಎಂದರು. “ನಾನೂ ಅಂದೆ. ನಿನ್ನ ಕೂಡ ನಾನೂ ಅಂದೆ.”

ಸಂಜೆ ವೀರಮ್ಮ ಬಂದಾಗ ತೋಂಟೇಶ ಹೊಸ್ತಿಲ ಹೊರಗೇ ನಿಂತಿದ್ದ. ಆಕೆ ಎಂದಿನಂತೆ ಸೆರಗು ಕೊಡವಲು ಹೋದಳು. ಅವನು ಆಕೆಯ ಕೈ ಹಿಡಿದ.

“ಬ್ಯಾಡವ್ವ. ಝಾಡಿಸಬ್ಯಾಡ. ಮಶೀನಿಗೆ ಹತ್ತಿದ್ದು ಹಿಟ್ಟಲ್ಲ. ಅಪ್ಪನ ವಿಭೂತಿ.”

ಎಲ್ಲವನ್ನೂ ಹೇಳಿದ. ತೊದಲುತ್ತ, ನಡುನಡುವೆ ಮೂಗು ಒರೆಸಿಕೊಳ್ಳುತ್ತ, ಏನನ್ನೂ ಮುಚ್ಚಿಡದೆ ಹೇಳಿದ. ವೀರಮ್ಮ ಗೋಡೆಗೆ ಕೈಕೊಟ್ಟು ನಿಂತು ಕೇಳಿದಳು.

“ನಾಲಿಗಿಗೆ ಇಟ್ಟು ನೋಡಿದ್ರ ಅವತ್ತ ತಿಳೀತಿತ್ತು,” ಎಂದಳು. “ಇಡೀ ಜನ್ಮಾ ಹಿಟ್ಟಿನಾಗ ಕೈ ಇಟ್ಟಾಕಿ ನಾ. ನನ್ನನ್ನ ಯಾರೂ ಕೇಳಲಿಲ್ಲ.”

“ತಪ್ಪಾತವ್ವ. ದೊಡ್ಡ ತಪ್ಪಾತು. ಆ ಡಾಕ್ಟರ್ ಮುಂದ ನಿನ್ನ ಸೆರಗು ಹಿಡಿದು…”

“ಹೋಗ್ಲಿ ಬಿಡು. ಮಶೀನ್ ಚಾಲೂ ಆತಿಲ್ಲೋ?”

“ಆತು. ನಾಳಿಂದ ಮನ್ಯಾಗ ಬಡಿಯವ್ವ. ಪರದಿ ಹರದು ಒಗದೀನಿ. ಬೇಕಾದ್ರ ಮಶೀನ್ ಬ್ಯಾರೆ ಕಡೆ ಇಡ್ತೀನಿ.”

ವೀರಮ್ಮ ಒಳಗೆ ನಡೆದು, ಹಂಚು ಎತ್ತಿ ನೋಡಿ, ತುಕ್ಕಿನ ಅಂಚಿನ ಮೇಲೆ ಬೆರಳಾಡಿಸಿ ಮತ್ತೆ ಅಲ್ಲೇ ಇಟ್ಟಳು.

“ಮನ್ಯಾಗ ಇನ್ನ ಆಗೂದಿಲ್ಲಪ್ಪ. ಸಿಟ್ಟಿಲೆ ಹೇಳಾಕತ್ತಿಲ್ಲ. ಇಲ್ಲಿ ಹಿಟ್ಟು ಮುಟ್ಟಿದ್ರ ಕೈ ಹಿಂದ ಸರೀತೈತಿ. ಯಾರ ಏನಂತಾರೋ, ಎಲ್ಲಿ ಹಾರತೈತೋ ಅಂತ. ಮಠದಾಗ ಹಂಗಿಲ್ಲ. ನಾ ಅಲ್ಲೇ ಬಡೀತೀನಿ. ಉಣ್ಣೂ ಹೊತ್ತಿಗೆ ಬರ್ರಿ. ದಾಸೋಹಕ್ಕ ಯಾರಿಗೂ ಬ್ಯಾಡ ಅನ್ನೂದಿಲ್ಲ.”

“ಆಯೀ, ಹಂಗನಬ್ಯಾಡ ನಾ!” ಎಂದಳು ಅದಿತಿ. ಆಯಿ ಆಕೆಯ ತಲೆ ಸವರಿದಳು, ಮಾತು ಬದಲಿಸಲಿಲ್ಲ.

ವೀರಯ್ಯ ಮಣೆಯ ಮೇಲಿಂದ ಒಂದೇ ಮಾತು ಕೇಳಿದರು. “ನನ್ನ ಮ್ಯಾಲೆ ಸಿಟ್ಟ ಐತೇನ?”

“ನಿಮ್ಮ ಮ್ಯಾಲೆ ಏನ ಸಿಟ್ಟು. ಅವತ್ತ ನಿಮ್ಮ ಕಡೆ ನೋಡಿದೆ. ಅಷ್ಟ.”

ಆ ಮೇಲೆ ಯಂತ್ರ ಒಂದು ಸಲವೂ ಗುದ್ದಲಿಲ್ಲ. ಕೆಲಸ ಒಂದರ ಹಿಂದೊಂದು ಬಂತು, ಹಗಲೆಲ್ಲ ಕ್ಯಾರೇಜಿನ ಸದ್ದು ಮನೆ ತುಂಬಿತು. ತೋಂಟೇಶ ಮಾತ್ರ ಆ ಸದ್ದು ಕೇಳಿ ಖುಷಿಪಡಲಿಲ್ಲ. ಮುಂಜಾನೆ ವೀರಯ್ಯನ ಸುತ್ತು ಹೊಸ್ತಿಲು, ಕೊಡ, ಒಲೆಗೆ ಮುಗಿಯುತ್ತಿತ್ತು. ಒಲೆಗೆ ಗೆರೆ ಎಳೆಯುವಾಗ ಅವರ ಕೈ ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು.

ಸಂಕ್ರಾಂತಿಗೆ ಆ ಮನೆಯಲ್ಲಿ ಮೊದಲ ಸಲ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇರಲಿಲ್ಲ. ತೋಂಟೇಶ ಅಪ್ಪನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಮಠಕ್ಕೆ ಹೋದ. ಶೀತಲ್, ಅದಿತಿ ಹಿಂದಿನ ರಿಕ್ಷಾದಲ್ಲಿ ಬಂದರು. ಊರಿನ ಯಾತ್ರಿಕರು ಕಿಕ್ಕಿರಿದಿದ್ದರು. ನಾಲ್ವರೂ ಪಂಕ್ತಿಯಲ್ಲಿ, ಗುರುತಿಲ್ಲದವರ ನಡುವೆ, ಎಲೆಯ ಮುಂದೆ ಕೂತರು. ವೀರಮ್ಮ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಬಡಿಸುತ್ತ ಬಂದಳು. ಸೆರಗಿನ ಮೇಲೆ ಹಿಟ್ಟಿತ್ತು. ಯಾರೂ ಅದನ್ನು ನೋಡುತ್ತಿರಲಿಲ್ಲ.

ವೀರಯ್ಯನ ಎಲೆಗೆ ರೊಟ್ಟಿ ಬಿತ್ತು. ಬಿಸಿ ಇತ್ತು, ಎಳ್ಳಿನ ವಾಸನೆ ಇತ್ತು. ತಲೆ ಎತ್ತದೆ ತಿಂದರು. ಎರಡಾಯಿತು. ಎಂದಿನ ಅಭ್ಯಾಸ, “ಸಾಕು” ಎಂದರು. ಆಮೇಲೆ ಎಲೆಯನ್ನು ತುಸು ಮುಂದಕ್ಕೆ ಸರಿಸಿ ಕಾದರು.

ವೀರಮ್ಮ ಅವರ ಮುಂದೆ ನಿಂತಳು. ಬುಟ್ಟಿಯೊಳಗೆ ಕೈ ಹಾಕಿದವಳು ಹಾಗೇ ತಡೆದು, ಎಲ್ಲರನ್ನೂ ಕೇಳುವ ದನಿಯಲ್ಲೇ ಕೇಳಿದಳು.

“ಇನ್ನೊಂದು ಹಾಕಲೇನ್ರಿ?”

ವೀರಯ್ಯ ಬಾಯಿ ತೆರೆದರು. ಈ ಪ್ರಶ್ನೆಗೆ ಅವರು ಎಂದೂ ಉತ್ತರ ಕೊಟ್ಟವರಲ್ಲ. ಹೂಂ ಎನ್ನಬೇಕೋ, ಏನೆನ್ನಬೇಕೋ ಎಂದು ಮಾತು ಹುಡುಕುವಷ್ಟರಲ್ಲಿ, ಪಕ್ಕದ ಯಾತ್ರಿಕ ಕೈ ಚಾಚಿ, “ಅಮ್ಮಾರ, ಇಲ್ಲೊಂದು ಹಾಕ್ರಿ” ಎಂದ. ವೀರಮ್ಮ ಆ ರೊಟ್ಟಿಯನ್ನು ಅವನ ಎಲೆಗೆ ಹಾಕಿ ಮುಂದೆ ಹೋದಳು.